ತೊಳೆಯಬಾರದ ಪಾತ್ರೆ

ಒಮಾನಿಗೆ ಹೋಗಿಬಂದವರು ಖರ್ಜೂರ ತರುತ್ತಾರೆ, ಲೋಬಾನ ತರುತ್ತಾರೆ. ನಾನು ಎರಡನ್ನೂ ತಂದೆ. ಜೊತೆಗೆ ಉಗುರಿನ ಸಂದಿಯಲ್ಲಿ ಒಂದಿಷ್ಟು ಮಸಿಯನ್ನೂ ತಂದೆ. ಮೈಸೂರಿಗೆ ಬಂದಮೇಲೆ ಎಷ್ಟು ತಿಕ್ಕಿದರೂ ಅದು ಬೇಗ ಬಿಡಲಿಲ್ಲ. "ಮ್ಯೂಸಿಯಂ ನೋಡ್ಬೇಕು ಅಂತ ಹೋದೋಳಿಗೆ ಮಸಿ ಎಲ್ಲಿ ಮೆತ್ಕೊಳ್ತು?" ಎಂದು ನಮ್ಮವರು ಕೇಳಿದರು. ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು.

ನನ್ನ ತಂಗಿ ಶಾರಿ ಇರುವುದು ಮಸ್ಕತ್ತಿನ ಹತ್ತಿರ, ಅಲ್ ಖೌದ್‌ನಲ್ಲಿ. ಅವಳ ಗಂಡ ರಘು ನೀರಿನ ಪಂಪು ಕೂರಿಸುವ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರು. ಮಗಳು ಶ್ರೇಯಾ ಹನ್ನೊಂದನೇ ಕ್ಲಾಸು. ನಾನು ಹೋದ ದಿನವೇ ಶಾರಿ, "ಮಾಲ್‌ಗೆ ಹೋಗೋಣ್ವಾ, ಚಿನ್ನದಂಗಡಿಗೆ ಹೋಗೋಣ್ವಾ ಅಕ್ಕಾ?" ಎಂದಳು. ನಾನು ಮ್ಯೂಸಿಯಂ ಎಂದೆ. ಕಾನ್ವೆಂಟಿನಲ್ಲಿದ್ದಾಗ ಸಿಸ್ಟರ್‌ಗಳು ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಸಿ ಮ್ಯೂಸಿಯಂ ತೋರಿಸುತ್ತಿದ್ದರು. ಆಗ ಹತ್ತಿದ ರುಚಿ. ಮಾಲುಗಳು ಎಲ್ಲ ಊರಲ್ಲೂ ಒಂದೇ. ಆದರೆ ಒಂದು ದೇಶದವರು ಯಾವುದನ್ನು ಗಾಜಿನೊಳಗಿಟ್ಟು ಕಾಯುತ್ತಾರೆಂದು ನೋಡಿದರೆ ಅವರು ಎಂಥವರೆಂದು ಗೊತ್ತಾಗುತ್ತದೆ.

ಮನೆಯಲ್ಲಿ ಆಗ ನಗು ಕಡಿಮೆಯಿತ್ತು. ರಘುವಿನ ಕರಾರು ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕಾದವರು ಕಂಪನಿಯ ಯಜಮಾನ ಸಾಲಿಂ. ಅಲ್ಲಿಯ ಮಾತಿನಲ್ಲಿ ಅವರು 'ಕಫೀಲ್'. ಅವರು ಸಹಿ ಹಾಕಿದರೆ ಇರಬಹುದು, ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ಈಗ ಅಲ್ಲಿ ಊರಿನ ಹುಡುಗರಿಗೇ ಕೆಲಸ ಕೊಡಬೇಕೆಂಬ ಒತ್ತಾಯವೂ ಇದೆಯಂತೆ. "ಇನ್ನೊಂದೇ ವರ್ಷ ಅಕ್ಕಾ. ಶ್ರೇಯಾ ಹನ್ನೆರಡನೇದು ಮುಗಿಸಿಬಿಟ್ರೆ ಸಾಕು. ಮಧ್ಯದಲ್ಲಿ ಎಬ್ಬಿಸ್ಕೊಂಡು ಎಲ್ಲಿಗೆ ಸೇರಿಸ್ಲಿ?" ಎಂದು ಶಾರಿ ತಟ್ಟೆ ಒರೆಸುತ್ತ ಹೇಳಿದಳು. ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಅಷ್ಟರಲ್ಲಿ ಕಫೀಲ್ ಹೇಳಿಕಳಿಸಿದ್ದರು: ಶುಕ್ರವಾರ ಮನೆಯವರೆಲ್ಲ ನಮ್ಮ ಹಳ್ಳಿಗೆ ಊಟಕ್ಕೆ ಬನ್ನಿ. ನಿಮ್ಮ ನೆಂಟರಿಗೆ ಮ್ಯೂಸಿಯಂ ಇಷ್ಟವಂತಲ್ಲ, ನನ್ನದೂ ಒಂದಿದೆ. ನಿನ್ನ ವಿಷಯವನ್ನೂ ಅಲ್ಲೇ ಮಾತಾಡೋಣ.

ಮಸ್ಕತ್: ಕಪ್ಪು ಬೆಳ್ಳಿ

ಶುಕ್ರವಾರಕ್ಕೆ ಮೊದಲು ಮಸ್ಕತ್ತಿನ ಹಳೇ ಪೇಟೆಯ ದೊಡ್ಡ ಮ್ಯೂಸಿಯಂ ನೋಡಿದೆವು. ಮೊದಲನೆಯ ಬೆರಗು ಅಲ್ಲಿನ ಮೌನ. ನಮ್ಮಲ್ಲಿ ಮ್ಯೂಸಿಯಂ ಎಂದರೆ ಶಾಲೆ ಮಕ್ಕಳ ಗಲಾಟೆ, ಪೀಪಿ, ಕಡಲೆಕಾಯಿ ಸಿಪ್ಪೆ. ಇಲ್ಲಿ ನನ್ನ ಚಪ್ಪಲಿಯ ಸದ್ದಿಗೆ ನಾನೇ ನಾಚಿ ತುದಿಗಾಲಲ್ಲಿ ನಡೆದೆ. ಎರಡನೆಯದು ಒಂದು ಬೀಸುವ ಕಲ್ಲು. ಕಪ್ಪು ಮಖಮಲ್ಲಿನ ಮೇಲೆ ಕೂತಿದೆ, ಮೇಲಿಂದ ಸಿನಿಮಾ ನಟಿಗೆ ಬಿಟ್ಟಂತೆ ಬೆಳಕು! ಅದರ ಅಕ್ಕನಂಥ ಕಲ್ಲು ನಮ್ಮ ಮನೆಯಲ್ಲಿ ಗಾಳಿಗೆ ಹಿತ್ತಿಲ ಬಾಗಿಲು ಬಡಿಯದಂತೆ ಒತ್ತಿಕೊಂಡು ಬಿದ್ದಿದೆ. ಇನ್ನೊಂದು ಕಡೆ ಮೊಳೆಯೇ ಇಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡುವ ಹಡಗಿನ ಮಾದರಿ. ಹರಿದ ಲಂಗಕ್ಕೆ ಹಾಕುವಂಥ ಹೊಲಿಗೆ ಹಾಕಿಕೊಂಡು ಸಮುದ್ರಕ್ಕಿಳಿದು ನಮ್ಮ ಮಲಬಾರಿನ ತನಕ ಬರುತ್ತಿದ್ದರಂತೆ. ನನಗೆ ಕೆರೆಯಲ್ಲಿ ದೋಣಿ ಹತ್ತಲೂ ಭಯ.

ಆದರೆ ನಿಜವಾಗಿ ದಿಗಿಲಾದದ್ದು ಬೆಳ್ಳಿಯ ಕೋಣೆಯಲ್ಲಿ. ಗೆಜ್ಜೆ, ಡಾಬು, ಕುತ್ತಿಗೆಗೆ ಹಾಕುವ ತಾಯತದ ಪೆಟ್ಟಿಗೆಗಳು. ಎಂಥ ಕೆತ್ತನೆ! ಆದರೆ ಗೀರುಗಳಲ್ಲೆಲ್ಲ ಕಪ್ಪು ಕೂತಿತ್ತು. ಸರಿಯಾಗಿ ನೋಡಲೆಂದು ಬಗ್ಗಿದೆ, ಹಣೆ ಗಾಜಿಗೆ ತಗಲಿತು, ಎಲ್ಲಿಂದಲೋ 'ಕುಂಯ್' ಎಂದು ಸದ್ದು ಬಂತು.

"ದೊಡ್ಡಮ್ಮಾ! ಡೋಂಟ್ ಟಚ್! ಎವ್ರಿಬಡಿ ಈಸ್ ಲುಕಿಂಗ್," ಎಂದು ಶ್ರೇಯಾ ನನ್ನ ಸೆರಗು ಹಿಡಿದೆಳೆದಳು.

"ಇಷ್ಟು ದೊಡ್ಡ ಮ್ಯೂಸಿಯಂ ಕಟ್ಟಿದಾರೆ, ಒಂದು ಚಿಟಿಕೆ ವಿಭೂತಿ ಹಾಕಿ ಉಜ್ಜೋರಿಗೆ ಗತಿ ಇಲ್ವೇನೇ?" ಎಂದೆ.

ಬಳಿಗೆ ಬಂದ ಅಲ್ಲಿಯ ಹುಡುಗಿಗೆ ಶ್ರೇಯಾ ನಗುತ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿಯೂಬಿಟ್ಟಳು. ಕಪ್ಪು ಅಬಾಯ, ಉಗುರಿನ ತನಕ ಮೆಹೆಂದಿ, ನಮ್ಮ ಸಿಸ್ಟರ್‌ಗಳಷ್ಟೇ ತಗ್ಗಿದ ದನಿ. "ಅದು ಕೊಳೆಯಲ್ಲ ಮೇಡಂ. ಹಾಕಿಕೊಂಡವರ ಬೆವರು, ಅವರು ಹಚ್ಚಿದ ಎಣ್ಣೆ, ಅವರ ವಯಸ್ಸು. ಉಜ್ಜಿದರೆ ಅವರೇ ಹೊರಟುಹೋಗುತ್ತಾರೆ," ಎಂದಳು.

ಕಾನ್ವೆಂಟಿನಲ್ಲಿ ಪ್ರತಿ ಶನಿವಾರ ಚಾಪೆಲಿನ ಹಿತ್ತಾಳೆ ಮೇಣದಬತ್ತಿ ಕಂಬಗಳನ್ನು ನಾವೇ ತಿಕ್ಕಬೇಕಿತ್ತು, ನಿಂಬೆಸಿಪ್ಪೆ, ಉಪ್ಪು, ಬೂದಿ ಹಾಕಿ. ಸಿಸ್ಟರ್ ಬಂದು ಕಂಬದಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. "ಮೂಗಿನ ಮೇಲಿನ ಮಚ್ಚೆ ಕಾಣ್ತಿಲ್ಲವಲ್ಲ, ಇನ್ನೊಮ್ಮೆ," ಎನ್ನುತ್ತಿದ್ದರು. ಹಾಗೆ ಬೆಳೆದವಳಿಗೆ ಕಪ್ಪನ್ನೂ ಕಾಯುವವರಿದ್ದಾರೆ ಎಂದರೆ ಹೇಗೆ ನಂಬಿಕೆ ಬಂದೀತು? ನಂಬಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ನಿಜ್ವಾ: ಪಾಕದ ಕಿಂಡಿ

ಶುಕ್ರವಾರ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬಂದವರು ಹಮೀದಾಕ. ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಕಂಪನಿಯ ಗೋದಾಮು ನೋಡಿಕೊಳ್ಳುತ್ತಾರೆ. ಅರಬ್ಬಿ ನೀರು ಕುಡಿದಂತೆ ಮಾತಾಡುತ್ತಾರೆ. ದಾರಿಯುದ್ದಕ್ಕೂ ಮರವಿಲ್ಲದ ಬೆಟ್ಟಗಳು. ಮೈಗೆ ಬಟ್ಟೆಯೇ ಇಲ್ಲದವರನ್ನು ನೋಡಿದಂತಾಗಿ ನನಗೆ ಮೊದಮೊದಲು ಕಣ್ಣು ತಗ್ಗಿಸುವಂತಾಯಿತು.

ಕಾರಿನಲ್ಲಿ ರಘು ಹಿಂದಕ್ಕೆ ತಿರುಗಿ ನನಗೆ ಪಾಠ ಮಾಡಿದ. "ಅತ್ತಿಗೆ, ಖಾವಾ, ಅಂದ್ರೆ ಇವರ ಕಾಫಿ, ಸಾಕು ಅನ್ನಿಸಿದ್ರೆ ಬಾಯಲ್ಲಿ ಹೇಳಿದ್ರೆ ಆಗಲ್ಲ. ಬಟ್ಟಲನ್ನ ಹೀಗೆ ಅಲ್ಲಾಡಿಸ್ಬೇಕು. ಯಾವ ವಸ್ತುನೂ ಬಹಳ ಚೆನ್ನಾಗಿದೆ ಅನ್ಬೇಡಿ, ಕೊಟ್ಟೇಬಿಡ್ತಾರೆ. ಆಮೇಲೆ... ಏನನ್ನೂ ಮುಟ್ಬೇಡಿ."

"ನಾನೇನು ಮಗೂನಾ?"

"ಗಾಜಿಗೆ ಹಣೆ ಹೊಡ್ಕೊಂಡೋರು ಯಾರು ದೊಡ್ಡಮ್ಮ?" ಎಂದಳು ಶ್ರೇಯಾ, ಫೋನಿನಿಂದ ತಲೆ ಎತ್ತದೆ.

ದಾರಿಯಲ್ಲೇ ನಿಜ್ವಾ ಕೋಟೆ. ಒಳಗೆ ಅದೂ ಒಂದು ಮ್ಯೂಸಿಯಮ್ಮೇ. ಕತ್ತಲೆಯ ಮೆಟ್ಟಿಲು ತಿರುವು ತಿರುವಾಗಿ ಏರುತ್ತದೆ. ನಡುನಡುವೆ ಮೆಟ್ಟಿಲ ಬದಲು ಗುಂಡಿ. ಮೊದಲು ಅದರ ಮೇಲೆ ಹಲಗೆ ಹಾಸಿರುತ್ತಿದ್ದರಂತೆ. ವೈರಿ ನುಗ್ಗಿದರೆ ಹಲಗೆ ಎಳೆದುಬಿಡುವುದು. ಬಾಗಿಲ ನೆತ್ತಿಯಲ್ಲಿ ಒಂದು ಕಿಂಡಿ ಕಂಡಿತು. ಬೆಳಕಿಗಿರಬೇಕು ಎಂದುಕೊಂಡೆ.

"ಬೆಳಕಿಗಲ್ಲ ಅಕ್ಕಾ. ಕುದಿಯುವ ಖರ್ಜೂರದ ರಸ ಹೊಯ್ಯಲಿಕ್ಕೆ, ಕೆಳಗಿದ್ದವನ ತಲೆಗೆ," ಎಂದರು ಹಮೀದಾಕ, ಸಾರು ಬಡಿಸುವುದು ಎಂಬಷ್ಟೇ ಸಲೀಸಾಗಿ.

"ಖರ್ಜೂರದ್ದಾ? ಎಣ್ಣೆ ಅಲ್ವಾ?"

"ಎಣ್ಣೆ ಜಾರಿ ಹೋಗ್ತದೆ. ಇದು ಅಂಟ್ತದೆ. ಅಂಟಿದ ಮೇಲೆ ಕಥೆ ಖಲಾಸ್."

ಖಲಾಸ್ ಎಂದರೆ ಮುಗಿಯಿತು ಎಂದು. ನನ್ನ ಬಲ ಮಣಿಕಟ್ಟಿನಲ್ಲಿ ಮೈಸೂರುಪಾಕಿನ ಎಳೆಪಾಕ ಸಿಡಿದ ಕಲೆ ಈಗಲೂ ಇದೆ. ಒಂದು ಹನಿಗೇ ನಾನು ಕಿರುಚಿ ಮನೆ ಒಂದು ಮಾಡಿದ್ದೆ. ಒಂದು ಹಂಡೆ ತಲೆಯ ಮೇಲೆ ಬಿದ್ದರೆ! ಖರ್ಜೂರದ ಮೂಟೆ ಪೇರಿಸಿಡುವ ಕೋಣೆಯನ್ನೂ ತೋರಿಸಿದರು. ನೆಲದಲ್ಲಿ ಸಣ್ಣ ಕಾಲುವೆಗಳು. ಮೂಟೆಯ ಭಾರಕ್ಕೇ ರಸ ಇಳಿದು ಗಡಿಗೆಗೆ ಹರಿಯುತ್ತದೆ. ಮಕ್ಕಳ ರೊಟ್ಟಿಗೆ ಸವರುವುದೂ ಅದನ್ನೇ, ವೈರಿಗೆ ಹೊಯ್ಯುವುದೂ ಅದನ್ನೇ. ನಾನು ಆ ಕಿಂಡಿಯ ಕೆಳಗಿಂದ ಸೆರಗು ತಲೆಗೆ ಹೊದ್ದು ಓಡಿಬಂದೆ. ಹಮೀದಾಕ ಬಹಳ ನಕ್ಕರು.

ಹಳ್ಳಿ: ಮೂರು ಕಲ್ಲಿನ ಒಲೆ

ಕಫೀಲ್ ಸಾಲಿಂ ಬಾಗಿಲಲ್ಲೇ ನಿಂತಿದ್ದರು. ನಡುವಯಸ್ಸು, ಸುಕ್ಕಿಲ್ಲದ ಬಿಳಿ ನಿಲುವಂಗಿ, ಕಸೂತಿಯ ಟೋಪಿ, ಬಳಿಗೆ ಬಂದರೆ ಅತ್ತರಿನ ಪರಿಮಳ. ಹೆಂಗಸರಿಗೆ ಕೈ ಕೊಡದೆ ಎದೆಗೆ ಅಂಗೈ ಇಟ್ಟು ಬಾಗಿದರು. ನಮ್ಮೊಡನೆ ಹಿಂದಿಯಲ್ಲಿ ಮಾತಾಡಿದರು, ನನ್ನ ಹಿಂದಿಗಿಂತ ವಾಸಿ.

ಅವರ ಮ್ಯೂಸಿಯಂ ಎಂದರೆ ಅವರು ಹುಟ್ಟಿದ ಮಣ್ಣಿನ ಮನೆ. ವಾಸಕ್ಕೆ ಪಕ್ಕದಲ್ಲಿ ಹೊಸ ಮನೆ ಕಟ್ಟಿಕೊಂಡು ಇದನ್ನು ಹಾಗೆಯೇ ಇಟ್ಟಿದ್ದಾರೆ. ಗೋಡೆಯ ಗೂಡುಗಳಲ್ಲಿ ತಂದೆಯ ರೇಡಿಯೋ, ಬಾಗಿದ ಕಠಾರಿ, ಪನ್ನೀರು ಇಳಿಸುವ ಮಡಕೆ, ಹಿತ್ತಾಳೆ ಗುಬುಟು ಹೊಡೆದ ತೇಗದ ಪೆಟ್ಟಿಗೆ. ತೇಗ ನಮ್ಮ ಕಡೆಯದಂತೆ. ಪ್ರತಿಯೊಂದರ ಪಕ್ಕದಲ್ಲೂ ಅರಬ್ಬಿಯಲ್ಲಿ ಬರೆದ ಚೀಟಿ. ಶಾಲೆಯಲ್ಲಿ ಅರಬ್ಬಿ ಕಲಿಯುವ ಶ್ರೇಯಾ ಒಂದೆರಡು ಓದಿ ಹೇಳಿದಳು. ಸಾಲಿಂ ಒಂದೊಂದು ವಸ್ತುವನ್ನೂ ಮುಟ್ಟುತ್ತಿದ್ದ ರೀತಿ ನೋಡಿ ನನಗೆ ಇವರು ಒಳ್ಳೆಯವರಿರಬೇಕು, ರಘುವಿಗೆ ಇಲ್ಲ ಎನ್ನಲಾರರು ಎನ್ನಿಸಿತು.

ಕೊನೆಯದು ಅಡುಗೆ ಕೋಣೆ. ನೆಲ ಗುಡಿಸುತ್ತಿದ್ದರು, ಸಾಮಾನೆಲ್ಲ ಹೊರಗಿಟ್ಟಿದ್ದರು. ಮೂರು ಕಲ್ಲಿನ ಒಲೆ ಖಾಲಿ, ಪಕ್ಕದಲ್ಲಿ ಚೀಟಿ ಮಾತ್ರ. "ಇಲ್ಲಿ ಒಂದು ವಸ್ತುವಿದೆ. ನನ್ನ ಮ್ಯೂಸಿಯಮ್ಮಿನ ಜೀವವೇ ಅದು. ಊಟವಾದ ಮೇಲೆ ಅದರ ಜಾಗದಲ್ಲಿಟ್ಟು ತೋರಿಸುತ್ತೇನೆ," ಎಂದರು.

ಗಂಡಸರಿಗೆ ಹೊಸ ಮನೆಯ ಹೊರಕೋಣೆಯಲ್ಲಿ ಊಟ, ನಮಗೆ ಒಳಗೆ, ಸಾಲಿಂ ಅವರ ತಾಯಿಯ ಜೊತೆ. ಎಲ್ಲರೂ ಅವರನ್ನು ಉಮ್ ಸಾಲಿಂ ಎನ್ನುತ್ತಿದ್ದರು, ಸಾಲಿಮನ ಅಮ್ಮ ಎಂದು. ನನ್ನನ್ನೂ ನಮ್ಮ ಬೀದಿಯಲ್ಲಿ 'ಕಿರಣನ ಅಮ್ಮ' ಎನ್ನುತ್ತಾರಲ್ಲ, ಹಾಗೆ. ಮಡಚಿ ಮಡಚಿ ಇಟ್ಟ ಕಾಗದದಂಥ ಮುಖ, ಕೈಯಲ್ಲಿ ಕೋಲು. ಒಂದೇ ಹರಿವಾಣದಲ್ಲಿ ಅನ್ನ, ಮೇಲೆ ಬೆಂದು ಎಲುಬು ಬಿಟ್ಟ ಮಾಂಸ, ಸುತ್ತ ಅರ್ಧ ಹೋಳಾದ ನಿಂಬೆಹಣ್ಣು. ನಾನು ಕೈಯಲ್ಲಿ ಕಲಸಿ ತಿಂದದ್ದು ನೋಡಿ ಅಜ್ಜಿ ಒಳ್ಳೊಳ್ಳೆಯ ತುಂಡುಗಳನ್ನು ನನ್ನ ಕಡೆ ತಳ್ಳಿದರು.

ಊಟವಾಯಿತು. ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿದರು. ಹೊರಗೆ ಗಂಡಸರ ದನಿ ತಗ್ಗಿತು. "ಈಗ ಶುರುವಾಯ್ತು ಅಕ್ಕಾ ಮಾತು," ಎಂದು ಪಿಸುಗುಟ್ಟಿ ಶಾರಿ ನನ್ನ ಕೈ ಹಿಡಿದಳು.

ನಲ್ಲಿಯ ಬಳಿ

ನನಗೆ ಆತಂಕವಾದರೆ ಕೈಗೆ ಕೆಲಸ ಬೇಕು. ಕೈ ತೊಳೆಯಲೆಂದು ಹಿತ್ತಿಲಿಗೆ ಹೋದೆ, ಎರಡೂ ಮನೆಗೆ ಒಂದೇ ಹಿತ್ತಿಲು. ನಲ್ಲಿಯ ಪಕ್ಕದಲ್ಲೇ ಒಂದು ತಾಮ್ರದ ಕೊಪ್ಪರಿಗೆ. ಹೊರಮೈಯೆಲ್ಲ ಮಸಿ, ಹೆಪ್ಪುಗಟ್ಟಿದ ಮಸಿ. ಈಗ ಉಂಡ ಅನ್ನ ಇದರಲ್ಲೇ ಬೆಂದಿರಬೇಕು, ತೊಳೆಯಲು ಹಾಕಿದ್ದಾರೆ ಎಂದುಕೊಂಡೆ. ನೀವೇ ಹೇಳಿ, ನಲ್ಲಿಯ ಬುಡದಲ್ಲಿ ಮಸಿ ಹಿಡಿದ ಪಾತ್ರೆ ಕಂಡರೆ ನಮ್ಮ ಕಡೆಯ ಯಾವ ಹೆಂಗಸು ತಾನೇ ಅದನ್ನು ಮ್ಯೂಸಿಯಮ್ಮಿನ ವಸ್ತು ಎಂದುಕೊಳ್ಳುತ್ತಾಳೆ? ಉಂಡ ಮನೆಯಲ್ಲಿ ಒಂದು ಪಾತ್ರೆಯಾದರೂ ತೊಳೆದಿಟ್ಟು ಹೋಗಬೇಕು ಎನ್ನುವುದು ನಮ್ಮಮ್ಮ ಕಲಿಸಿದ ಮಾತು.

ಹರಿವಾಣದಲ್ಲಿ ಉಳಿದಿದ್ದ ನಿಂಬೆ ಹೋಳುಗಳನ್ನು ತಂದೆ. ಕಾಫಿ ಕಾಯಿಸಿದ ಒಲೆಯಲ್ಲಿ ಬೂದಿಯಿತ್ತು. ಖರ್ಜೂರದ ಮರದ ಬುಡದಲ್ಲಿ ನಾರು ಬೇಕಾದಷ್ಟು. ನಮ್ಮ ತೆಂಗಿನ ನಾರಿಗಿಂತ ಒಳ್ಳೆಯ ಜುಂಗು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಮೊದಲು ಮಸಿ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಒಂದು ಕಡೆ ಬಿರುಕು ಬಿಟ್ಟಿತು, ಹೆಕ್ಕಳಿಕೆಯಾಗಿ ಎದ್ದಿತು, ಒಳಗಿಂದ ಕೆಂಪು ತಾಮ್ರ ಇಣುಕಿತು. ಆ ಸುಖ ಪಾತ್ರೆ ತಿಕ್ಕಿದವರಿಗೇ ಗೊತ್ತು. ರಘುವಿನ ಕರಾರು, ಶ್ರೇಯಾಳ ಪರೀಕ್ಷೆ ಎಲ್ಲ ಮರೆತು ತಿಕ್ಕಿದೆ. ಕಪ್ಪು ನೀರು ಸಣ್ಣ ಕಾಲುವೆಯಲ್ಲಿ ಹರಿದು ಖರ್ಜೂರದ ಬುಡ ಸೇರುತ್ತಿತ್ತು. ಇನ್ನು ಅಂಗೈಯಗಲ ಉಳಿದಿತ್ತು, ಕೊಪ್ಪರಿಗೆಯ ಕಿವಿಯ ಕೆಳಗೆ.

"ಯಾ ಅಲ್ಲಾ! ಎಂತ ಮಾಡಿದ್ದು ಅಕ್ಕಾ ನೀವು?"

ಹಮೀದಾಕ. ಕೊಪ್ಪರಿಗೆಯನ್ನು ಒಳಗೊಯ್ಯಲು ಬಂದಿದ್ದರು. ತಲೆಯ ಮೇಲೆ ಎರಡೂ ಕೈ.

"ಯಾಕೆ, ತೊಳೆದೆ..."

"ಅದನ್ನು ಯಾರಾದ್ರೂ ತೊಳೀತಾರಾ? ಅದೇ ಅಲ್ವಾ ಅವರು ತೋರಿಸ್ತೇನೆ ಅಂತ ಹೇಳಿದ್ದು!"

ನನ್ನ ಕೈಯಿಂದ ನಾರು ಜಾರಿತು. ಕೂಗು ಕೇಳಿ ರಘು ಬಂದ, ಶಾರಿ ಬಂದಳು, ಕೊನೆಗೆ ಕಫೀಲ್ ಬಂದರು. ಕರಾರಿನ ಮಾತು ಅರ್ಧಕ್ಕೆ ನಿಂತಿತ್ತಂತೆ. 'ಮೊದಲು ಆ ಪಾತ್ರೆ ನೋಡು, ಆಮೇಲೆ ನಿನ್ನ ವಿಷಯ ಹೇಳುತ್ತೇನೆ' ಎಂದು ಕಫೀಲ್ ಎದ್ದಿದ್ದರಂತೆ.

ಸಾಲಿಂ ಕೊಪ್ಪರಿಗೆಯ ಮುಂದೆ ನಿಂತರು. ಬಗ್ಗಿ ಒದ್ದೆ ತಾಮ್ರದ ಮೇಲೆ ಬೆರಳಾಡಿಸಿದರು. ಕಾಲುವೆಯ ಕಪ್ಪು ನೀರನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ನನ್ನ ತಂದೆ ಈ ಮನೆಯಲ್ಲಿ ಉಂಡ ಕೊನೆಯ ಊಟ ಇದರಲ್ಲಿ ಬೆಂದಿತ್ತು," ಎಂದರು ಮೆಲ್ಲಗೆ. "ಆ ಬೆಂಕಿಯ ಮಸಿ ಅದು."

"ಸರ್, ಸಾರಿ ಸರ್, ನಮ್ಮ ಅತ್ತಿಗೆಗೆ ಗೊತ್ತಾಗ್ದೆ..." ಎಂದ ರಘು.

ಸಾಲಿಂ ಕೈ ಎತ್ತಿ ತಡೆದರು. "ಅತಿಥಿ," ಎಂದರು. ಒದ್ದೆ ಬೆರಳು ಒರೆಸಿಕೊಂಡು, "ಖಲಾಸ್."

ಯಾವುದು ಖಲಾಸ್? ಮಸಿಯೋ, ಮಾತೋ, ರಘುವಿನ ಕೆಲಸವೋ? ಶಾರಿ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಮಸ್ಕತ್ತಿನ ಆ ಹುಡುಗಿಯ ಮಾತು ಆಗ ಅರ್ಥವಾಯಿತು. ಒಬ್ಬ ಮನುಷ್ಯನನ್ನು ನಾನು ನಿಂಬೆಹಣ್ಣು ಹಾಕಿ ತೊಳೆದು ಮರದ ಬುಡಕ್ಕೆ ಬಿಟ್ಟಿದ್ದೆ.

ಆಗ ಕೋಲಿನ ಸದ್ದು. ಶ್ರೇಯಾಳ ತೋಳು ಹಿಡಿದು ಉಮ್ ಸಾಲಿಂ ಬಂದರು. ಎಲ್ಲರೂ ಸರಿದು ದಾರಿ ಬಿಟ್ಟೆವು. ಅಜ್ಜಿ ಕೊಪ್ಪರಿಗೆಯನ್ನು ನೋಡಿದರು. ಇನ್ನೂ ಹತ್ತಿರ ಹೋಗಿ ಬಗ್ಗಿದರು. ತಾಮ್ರದಲ್ಲಿ ಅವರ ಮುಖ ಕಂಡಿರಬೇಕು, ತಲೆಯ ಬಟ್ಟೆ ಸರಿಮಾಡಿಕೊಂಡರು. ಆಮೇಲೆ ಕೋಲಿನಿಂದ ನೆಲ ಕುಟ್ಟಿ ಮಗನಿಗೆ ಏನೋ ಗಡಸಾಗಿ ಹೇಳಿದರು. ಹಮೀದಾಕ ತುಟಿ ಕಚ್ಚಿಕೊಂಡರು.

"ಏನಂತೆ ಹಮೀದಾಕ? ಹೇಳ್ರೀ," ಎಂದಳು ಶಾರಿ.

"ಅವರು ಹೇಳುದು... ಇಷ್ಟು ವರ್ಷ ಊರೂರಿಂದ ಜನ ಕರ್ಕೊಂಡು ಬಂದು ನನ್ನ ತೊಳೆಯದ ಪಾತ್ರೆ ತೋರಿಸ್ತಿದ್ದಿ. ನೋಡಿದವರು ನನ್ನನ್ನು ಎಂತ ಹೆಂಗಸು ಅಂತ ತಿಳ್ಕೊಂಡಾರು? ಜನ ಬಂದಾಗ ನಾನು ಒಳಗೇ ಕೂತ್ಕೊಳ್ಳುದು ಯಾಕೆ ಅಂತ ಮಾಡಿದ್ದಿ ನೀನು?"

ಅಜ್ಜಿ ಬಿಡಲಿಲ್ಲ. ಪ್ರತಿದಿನ ತೊಳೆದು ಮಗುಚಿಡುತ್ತಿದ್ದರಂತೆ. ಹೊಸ ಮನೆಗೆ ಹೋದ ಆ ಒಂದು ದಿನ ಮಾತ್ರ ಎಲ್ಲರೂ ಯಲ್ಲಾ ಯಲ್ಲಾ, ನಡಿ ನಡಿ ಎಂದು ಅವಸರ ಮಾಡಿ ಕರೆದುಕೊಂಡು ಹೋಗಿದ್ದರಿಂದ ಪಾತ್ರೆ ಹಾಗೇ ಉಳಿಯಿತಂತೆ. ಒಮ್ಮೆ ಕದ್ದು ತೊಳೆಯಲು ಬಂದಿದ್ದರಂತೆ, ಮಗ ಕೋಣೆಗೆ ಬೀಗ ಹಾಕಿಬಿಟ್ಟಿದ್ದನಂತೆ.

ಆಮೇಲೆ ಅವರು ನನ್ನ ಕಡೆ ತಿರುಗಿ ಉಳಿದಿದ್ದ ಅಂಗೈಯಗಲ ಮಸಿಯನ್ನು ಕೋಲಿನಿಂದ ತೋರಿಸಿದರು. ಅದಕ್ಕೆ ಅನುವಾದ ಬೇಕಿರಲಿಲ್ಲ. ನಾನು ಬಗ್ಗಿ ನಾರು ಎತ್ತಿಕೊಂಡೆ.

"ಬೇಡ ಮೇಡಂ," ಎಂದರು ಸಾಲಿಂ. "ಅಷ್ಟಾದರೂ ಇರಲಿ."

ಒಂದು ಕಡೆ ನನ್ನ ತಂಗಿಯ ಸಂಸಾರವನ್ನು ಅಂಗೈಯಲ್ಲಿ ಹಿಡಿದ ಯಜಮಾನ. ಇನ್ನೊಂದು ಕಡೆ, ತನ್ನ ತೊಳೆಯದ ಪಾತ್ರೆಯನ್ನು ಲೋಕವೆಲ್ಲ ನೋಡಿತಲ್ಲ ಎಂದು ಒಳಗೇ ಕೂತ ಅಜ್ಜಿ. ನಡುವೆ ನಾನು, ಕೈಯಲ್ಲಿ ಒದ್ದೆ ನಾರು. ಮಗನ ಮುಖ ನೋಡಿದರೆ ತಿಕ್ಕಲು ಮನಸ್ಸಿಲ್ಲ, ತಾಯಿಯ ಮುಖ ನೋಡಿದರೆ ಬಿಡಲು ಮನಸ್ಸಿಲ್ಲ. ಏನು ತೋಚಿತೋ, ನಾರನ್ನು ಸಾಲಿಂ ಅವರ ಕಡೆಗೇ ಚಾಚಿದೆ. "ನಿಮ್ಮ ಅಮ್ಮನ ಪಾತ್ರೆ. ತೊಳೆಯೋದೋ ಬಿಡೋದೋ ನೀವೇ ಮಾಡಿ," ಎಂದೆ ನನ್ನ ಹರಕು ಹಿಂದಿಯಲ್ಲಿ. ಶಾರಿ "ಅಕ್ಕಾ!" ಎಂದು ನನ್ನ ಬೆನ್ನು ಚಿವುಟಿದಳು.

ಅವರು ನಾರನ್ನು ಕೈಗೆ ತೆಗೆದುಕೊಂಡರು. ಆಮೇಲೆ ಆ ಸುಕ್ಕಿಲ್ಲದ ಬಿಳಿ ನಿಲುವಂಗಿಯ ತೋಳು ಮೇಲಕ್ಕೆ ಸರಿಸಿ, ಅಂಗಿಯನ್ನು ಮೊಣಕಾಲಿಗೆ ಎತ್ತಿಕೊಂಡು ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ರಘು "ಸರ್, ನಾನು..." ಎಂದು ಮುನ್ನುಗ್ಗಿದ. ಹಮೀದಾಕ ಅವನ ತೋಳು ಹಿಡಿದರು. "ನಿಲ್ಲಿ ಇಂಜಿನಿಯರೇ. ಕೆಲವು ಕೆಲಸಕ್ಕೆ ಕೂಲಿಯವರು ಬೇಡ."

ಸಾಲಿಂಗೆ ತಿಕ್ಕಲು ಬರುತ್ತಿರಲಿಲ್ಲ. ನಾರನ್ನು ಪೆನ್ಸಿಲಿನಂತೆ ಹಿಡಿದಿದ್ದರು. ಅಜ್ಜಿ ಕೋಲಿನಿಂದ 'ಇಲ್ಲಿ, ಅಲ್ಲಿ' ಎಂದು ತೋರಿಸುತ್ತಿದ್ದರು. ನಾನು ಮೆಲ್ಲಗೆ ಬೂದಿಯನ್ನು ಅವರ ಹತ್ತಿರ ಸರಿಸಿದೆ. ತಿಕ್ಕುತ್ತ ತಿಕ್ಕುತ್ತ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅಜ್ಜಿ ಅದನ್ನು ಕಂಡರೂ ಕಾಣದವರಂತೆ ಕಿವಿಯ ಸಂದಿ ತೋರಿಸಿ ಇನ್ನೂ ಉಳಿದಿದೆ ಎಂದರು.

ವಾಪಸು

ಆಮೇಲೆ ಖಾವಾ ಬಂತು. ಸಾಲಿಂ ತಾವೇ ಹೂಜಿ ಹಿಡಿದು ಬಗ್ಗಿಸಿದರು, ಉಗುರುಗಳಲ್ಲಿ ಮಸಿ. ನನಗೆ ಬಟ್ಟಲು ಅಲ್ಲಾಡಿಸುವುದು ಮರೆತೇಹೋಗಿತ್ತು. ಅವರು ಸುರಿಯುತ್ತ ಹೋದರು, ನಾನು ಕುಡಿಯುತ್ತ ಹೋದೆ. ಶ್ರೇಯಾ ನನ್ನ ಕೈ ಹಿಡಿದು ತಾನೇ ಅಲ್ಲಾಡಿಸಿದಳು. ಹೊರಡುವಾಗ ಉಮ್ ಸಾಲಿಂ ನನ್ನ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟರು. ಅವರ ಕೈಗೆ ಇನ್ನೂ ಊಟದ ನಿಂಬೆಯ ವಾಸನೆ ಇತ್ತು.

ಕಾರಿನ ಕಿಟಕಿಯ ಹತ್ತಿರ ಬಂದು ಸಾಲಿಂ ಶ್ರೇಯಾಳನ್ನು ಕೇಳಿದರು, "ನಿನ್ನ ಹನ್ನೆರಡನೇ ಪರೀಕ್ಷೆ ಯಾವಾಗ?"

"ನೆಕ್ಸ್ಟ್ ಇಯರ್ ಅಂಕಲ್."

ರಘುವಿನ ಕಡೆ ತಿರುಗಿದರು. "ಅಲ್ಲಿಯ ತನಕ ಇರು. ಆಮೇಲಿನದು ನನಗೆ ಗೊತ್ತಿಲ್ಲ." ಆಮೇಲೆ ನನ್ನತ್ತ ಬೆರಳು ಮಾಡಿ, "ಈ ಮೇಡಂ ಮತ್ತೆ ಬರುವುದಾದರೆ ಮೊದಲೇ ಹೇಳು. ಬೆಳ್ಳಿಯನ್ನೆಲ್ಲ ಬೀಗ ಹಾಕಿಡುತ್ತೇನೆ." ಅವರು ನಗಲಿಲ್ಲ. ಶಾರಿ ಅಲ್ ಖೌದ್ ಬರುವ ತನಕ ನನ್ನ ಭುಜಕ್ಕೊರಗಿ ಅತ್ತಳು. ಮಧ್ಯೆ ಮಧ್ಯೆ ನಗುತ್ತಲೂ ಇದ್ದಳು.

ನಾನು ಮೈಸೂರಿಗೆ ಬಂದ ಮೇಲೆ ಹಮೀದಾಕ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಮೂರು ಕಲ್ಲಿನ ಒಲೆಯ ಮೇಲೆ ಕೊಪ್ಪರಿಗೆ ಕೆಂಪಗೆ ಹೊಳೆಯುತ್ತಿದೆ. ಪಕ್ಕದಲ್ಲಿ, ಕೈಯೂರಿಕೊಂಡು, ಉಮ್ ಸಾಲಿಂ. ಬಂದವರಿಗೆ ಈಗ ಅವರೇ ನಿಂತು ತೋರಿಸುತ್ತಾರಂತೆ. ಚೀಟಿಯೂ ಹೊಸದು. ಓದಿ ಹೇಳು ಎಂದು ಶ್ರೇಯಾಳಿಗೆ ಕಳಿಸಿದೆ. ಅವಳು ಬರೆದಳು: 'ಉಮ್ ಸಾಲಿಂ ಅವರ ಪಾತ್ರೆ. ಮಗ ತೊಳೆದದ್ದು.'

ಎರಡು ಸಲ ಓದಿಕೊಂಡೆ. ಅಂಗೈಯಗಲ ಬಿಟ್ಟು ಉಳಿದದ್ದನ್ನೆಲ್ಲ ತೊಳೆದವಳು ನಾನು. ಅದಕ್ಕೂ ಮೊದಲು ವರ್ಷಾನುಗಟ್ಟಲೆ ದಿನಾ ತೊಳೆದವರು ಆ ಅಜ್ಜಿ. ಗಂಡಸೊಬ್ಬ ಒಂದು ದಿನ ಕೂತು ಒಂದು ಮೂಲೆ ತಿಕ್ಕಿದ್ದಕ್ಕೆ ಮ್ಯೂಸಿಯಮ್ಮಿನಲ್ಲಿ ಚೀಟಿ!

ನಮ್ಮವರಿಗೆ ಫೋಟೋ ತೋರಿಸಿ ಕಥೆಯೆಲ್ಲ ಹೇಳಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಎಂಥ ಮಗ ನೋಡು! ಅಷ್ಟು ದೊಡ್ಡ ಮನುಷ್ಯ, ಪಾತ್ರೆ ತೊಳೆದನಲ್ಲ!" ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು.

ನಾನು ಎಂಜಲು ಪಾತ್ರೆ ತುಂಬಿದ್ದ ಸಿಂಕಿನ ಕಡೆ ಒಮ್ಮೆ ನೋಡಿದೆ, ಅಷ್ಟೇ.